ನೋಟೀಸೂ ಅಮೀನನೂ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ. ಆದರೂ ಕ್ಯಾನ್ಸರಿನ ವಿಷಯವಾಗಿ ಮಾತನಾಡಲು ಎದ್ದು ನಿಂತಿರುವುದಕ್ಕೆ ಕಾರಣವುಂಟು. ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರ ತಾಯಿಗೆ ಲಿಂಫೋಮ ಎಂಬ ಕಾಯಿಲೆ ಬಂದಿತು. ಡಾಕ್ಟರರು ಕೀಮೋ ಜೊತೆಗೆ ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯದ ಔಷಧವನ್ನು ಡ್ರಿಪ್ಪಿನ ಮೂಲಕ ಕೊಡಲಾರಂಭಿಸಿದರು. ಇತ್ತ ನಾವು ಶಾಖೆಯವರೆಲ್ಲ ವಂತಿಗೆ ಎತ್ತಿ, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂಬ ಪುಡಿಯ ದೊಡ್ಡ ಡಬ್ಬಿಯೊಂದನ್ನು ಕೊಂಡುಕೊಟ್ಟೆವು. ಇದಿದ್ದರೆ ಡ್ರಿಪ್ಪೇ ಬೇಡವಾದೀತೆಂದು ನಮ್ಮಲ್ಲೊಬ್ಬರು ಆಡಿಯೂ ಬಿಟ್ಟರು. ಆ ತಾಯಿ ನಂಬಿದರು. ಎರಡನೆಯ ಡ್ರಿಪ್ಪಿನ ದಿನ ಆಸ್ಪತ್ರೆಗೆ ಬರುವುದಿಲ್ಲವೆಂದು ಕುಳಿತುಬಿಟ್ಟರು! ನಮ್ಮ ಎದೆ ಧಸಕ್ಕೆಂದಿತು. ಅನಂತರ ಓದಿ ಕೇಳಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತೇವೆ.

ಪ್ರತಿಕಾಯವೆಂಬುದು ನಮ್ಮ ದೇಹವೇ ತಯಾರಿಸುವ ಒಂದು ಪ್ರೋಟೀನು. ತನಗೆ ಗೊತ್ತಾದ ಗುರುತಿಗೆ ಮಾತ್ರ ಅಂಟಿಕೊಳ್ಳುವುದು ಅದರ ಗುಣ. ಒಂದೇ ಬಗೆಯ ಪ್ರತಿಕಾಯವನ್ನು ಪ್ರಯೋಗಶಾಲೆಯಲ್ಲಿ ಬೇಕಾದಷ್ಟು ಬೆಳೆಸುವ ಮಾರ್ಗವನ್ನು ಕ್ಯೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿದರು. ರಿಟುಕ್ಸಿಮ್ಯಾಬಿಗೆ ಅಮೆರಿಕದಲ್ಲಿ 1997ರಲ್ಲಿ ಅನುಮತಿ ದೊರೆಯಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿಯು ಅದರ ಸ್ವದೇಶಿ ರೂಪವನ್ನು ಹೊರತಂದಿತು.

ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಕ್ಯಾನ್ಸರ್ ಕಣದ ಮೇಲೆ ಕುಳಿತ ಪ್ರತಿಕಾಯವು ಸಾಲಗಾರನ ಬಾಗಿಲಿಗೆ ಅಂಟಿಸಿದ ಜಪ್ತಿ ನೋಟೀಸಿದ್ದಂತೆ. ನೋಟೀಸು ಅಂಟಿಸಿದ ಮಾತ್ರಕ್ಕೆ ಸಾಲ ವಸೂಲಾಗುವುದುಂಟೆ? ಅಮೀನನು ಬರಬೇಕು. ಇಲ್ಲಿ ಅಮೀನರೆಂದರೆ ದೇಹದ ಬಿಳಿ ರಕ್ತಕಣಗಳು. ಕೀಮೋದಿಂದ ಅವುಗಳ ಸಂಖ್ಯೆ ಕುಗ್ಗಿದ್ದರೆ ನೋಟೀಸು ಗೋಡೆಯ ಮೇಲೆಯೇ ಉಳಿದೀತು. ಆದಕಾರಣ ಅಮೀನರನ್ನು ಹೆಚ್ಚಿಸಿ ಹುರಿದುಂಬಿಸಬೇಕೆಂಬ ಯೋಚನೆ ವಿಜ್ಞಾನಿಗಳಿಗೆ ಬಂದಿತು.

ಇದಕ್ಕೆ ಒಳ್ಳೆಯ ನಿದರ್ಶನ ಸಿಗುವುದು ಎಳೆಯ ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರಿನಲ್ಲಿ. ಅದರ ಕಣಗಳ ಮೇಲಿನ ಜಿಡಿ2 ಎಂಬ ಗುರುತನ್ನು ಹಿಡಿಯುವ ಪ್ರತಿಕಾಯದೊಡನೆ, ಬಿಳಿ ಕಣಗಳನ್ನು ಬೆಳೆಸುವ ಜಿಎಂ-ಸಿಎಸ್‌ಎಫ್ ಮತ್ತು ಅವನ್ನು ಕೆರಳಿಸುವ ಇಂಟರ್‌ಲ್ಯೂಕಿನ್-2 ಎಂಬ ಎರಡು ವಸ್ತುಗಳನ್ನೂ ಅಮೆರಿಕದಲ್ಲಿ ಕೊಟ್ಟು ನೋಡಿದರು. 226 ಮಕ್ಕಳ ಮೇಲಿನ ಆ ಪರೀಕ್ಷೆಯ ಫಲ 2010ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಉಳಿದವರು, ಹಳೆಯ ಚಿಕಿತ್ಸೆಯಲ್ಲಿ ನೂರಕ್ಕೆ 46, ಹೊಸದರಲ್ಲಿ 66. ನಾವು ದಿನವೂ ಅಂಕಿಗಳ ಜೊತೆ ಬಾಳುವವರು. ಆದರೆ ಈ ಇಪ್ಪತ್ತರ ಅಂತರವನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಇಪ್ಪತ್ತು ಎಂದರೆ ಇಪ್ಪತ್ತು ಮಕ್ಕಳು!

ಹಾಗೆಂದು ಕೆರಳಿಸಿದಷ್ಟೂ ಲಾಭವೆಂದು ತಿಳಿಯಬಾರದು. ಆ ಮಕ್ಕಳು ತೀವ್ರವಾದ ನೋವು, ಜ್ವರ ಅನುಭವಿಸಿದರು. ಮುಂದೆ ಯೂರೋಪಿನಲ್ಲಿ ಇಂಟರ್‌ಲ್ಯೂಕಿನ್ ಸೇರಿಸಿಯೂ ಸೇರಿಸದೆಯೂ ಹೋಲಿಸಿ ನೋಡಿದರು. ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ, ಉಪದ್ರವ ಮಾತ್ರ ಹೆಚ್ಚಿತೆಂದು 2018ರಲ್ಲಿ ವರದಿಯಾಯಿತು. ಯಾವ ಕಣವನ್ನು, ಯಾವಾಗ, ಎಷ್ಟು ಎಂದು ಲೆಕ್ಕವಿಟ್ಟು ಮಾಡಿದ ಕೆಲಸದಲ್ಲಿಯೇ ಹೀಗಾದರೆ, ಲೆಕ್ಕವೇ ಇಲ್ಲದ ನಮ್ಮ ಡಬ್ಬಿಯ ಮಾತೇನು? ಇದರಲ್ಲಿ ಏನಿದೆಯೆಂದು ಡಾಕ್ಟರರು ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ.

ಅಂದು ಸಂಜೆ ನಾವೇ ಅವರ ಮನೆಗೆ ಹೋದೆವು. "ಅಮ್ಮಾ, ತಪ್ಪು ನಮ್ಮದು, ಡ್ರಿಪ್ ಬಿಡಬೇಡಿ" ಎಂದು ಕೇಳಿಕೊಂಡೆವು. ಅವರು ಮೊದಲು ಕಾಫಿ ಕುಡಿಯಿರಿ ಎಂದರು. ಎರಡು ದಿನ ತಡವಾಗಿ ಆ ಡ್ರಿಪ್ ನಡೆಯಿತು. ಬರುವ ಮಂಗಳವಾರ ಆರನೆಯದು. ಯಾರು ರಜೆ ಹಾಕಿ ಜೊತೆಗೆ ಹೋಗುವುದೆಂದು ಶಾಖೆಯಲ್ಲಿ ಇನ್ನೂ ಚರ್ಚೆ ನಡೆದಿದೆ.