ನಿಯತಿ: ಒಂದು ಮಾತಿನ ಹಳೆಯ ದಾರಿ



ಕೆಟ್ಟದ್ದೇನಾದರೂ ಆದಾಗ ಹಣೆಬರಹ, ಕರ್ಮ, ವಿಧಿ, ನಿಯತಿ ಎಂದು ನಾವು ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತೇವೆ. ಆದರೆ ನಿಯತಿಯನ್ನೇ ತಮ್ಮ ದರ್ಶನದ ತಿರುಳಾಗಿಸಿಕೊಂಡ ಆಜೀವಿಕರು ಕರ್ಮಕ್ಕೆ ಕವಡೆ ಬೆಲೆಯನ್ನೂ ಕೊಟ್ಟವರಲ್ಲ.

ಜಗತ್ತಿಗೆ ಕಾರಣ ಯಾವುದು ಎಂದು ಕೇಳುವ ಶ್ವೇತಾಶ್ವತರ ಉಪನಿಷತ್ತು ಕಾಲ, ಸ್ವಭಾವ, ಯದೃಚ್ಛೆಗಳ ಜೊತೆ ನಿಯತಿಯನ್ನೂ ಹೆಸರಿಸಿ, ಇವು ಸಾಲವು ಎನ್ನುತ್ತದೆ. ನಿಯತಿಯೊಂದೇ ಸಾಕು ಎಂದವನು ಬುದ್ಧ, ಮಹಾವೀರರ ಸಮಕಾಲೀನನಾದ ಆಜೀವಿಕರ ಗುರು ಮಕ್ಖಲಿ ಗೋಸಾಲ. ಬೌದ್ಧರ ದೀಘನಿಕಾಯದ ಸಾಮಞ್ಞಫಲ ಸುತ್ತದಲ್ಲಿ ದೊರೆ ಅಜಾತಶತ್ರು ಆತನ ಮತವನ್ನು ಬುದ್ಧನಿಗೆ ವಿವರಿಸುತ್ತಾನೆ. ಪುರುಷ ಪ್ರಯತ್ನಕ್ಕೆ ಬಲವಿಲ್ಲ. ಮೂಢನಾಗಲಿ ಪಂಡಿತನಾಗಲಿ 84 ಲಕ್ಷ ಮಹಾಕಲ್ಪ ಅಲೆದೇ ತೀರಬೇಕು. ಎಸೆದ ನೂಲಿನುಂಡೆ ನೂಲು ಮುಗಿಯುವತನಕ ಬಿಚ್ಚಿಕೊಳ್ಳುವ ಹಾಗೆ. ಹಣೆಬರಹವಾದರೆ ಬರೆಯಲು ಬ್ರಹ್ಮನಿದ್ದಾನೆ, ಬೇಡಿಕೊಳ್ಳಬಹುದು. ಗೋಸಾಲನ ನಿಯತಿಯಲ್ಲಿ ಬರೆದವನೂ ಇಲ್ಲ, ತಿದ್ದುವವನೂ ಇಲ್ಲ.

ಒಂದು ಎಚ್ಚರಿಕೆ ಬೇಕು. ಆಜೀವಿಕರ ಸ್ವಂತ ಗ್ರಂಥ ಒಂದೂ ಉಳಿದಿಲ್ಲ. ನಮಗೆ ಸಿಕ್ಕಿರುವುದು ಎದುರಾಳಿಗಳ ಸಾಕ್ಷ್ಯ. ಪ್ರಯತ್ನ ವ್ಯರ್ಥ ಎಂದವರು ಘೋರ ತಪಸ್ಸನ್ನೇಕೆ ಮಾಡುತ್ತಿದ್ದರು? ಆ ತಪಸ್ಸೂ ನಿಯತಿಯೇ ಎಂದಿರಬೇಕು, ನನ್ನ ಊಹೆ.

ಜೈನರ ಉವಾಸಗದಸಾಓ ಗ್ರಂಥದಲ್ಲಿ ಸದ್ದಾಲಪುತ್ತನೆಂಬ ಆಜೀವಿಕ ಕುಂಬಾರ ಬರುತ್ತಾನೆ. ಈ ಮಡಕೆಗಳು ಶ್ರಮದಿಂದ ಆದವೋ ಹೇಗೆ ಎಂದು ಮಹಾವೀರ ಕೇಳುತ್ತಾನೆ. ಶ್ರಮದಿಂದಲ್ಲ, ಎಲ್ಲವೂ ನಿಯತ ಎನ್ನುತ್ತಾನೆ ಕುಂಬಾರ. ಹಾಗಾದರೆ ಯಾರಾದರೂ ಇವನ್ನು ಒಡೆದರೆ, ನಿನ್ನ ಹೆಂಡತಿಯ ಮೇಲೆ ಕೈಮಾಡಿದರೆ? ಹಿಡಿದು ಬಡಿಯುತ್ತೇನೆ! ನಿಯತವಾದದ್ದಕ್ಕೆ ಬಡಿಯುವುದೇಕೆ ಎಂದಾಗ ಕುಂಬಾರ ಸೋತ. ನಿಯತಿವಾದಕ್ಕೆ ಇದಕ್ಕಿಂತ ಚುರುಕಾದ ಉತ್ತರವನ್ನು ನಾನು ಓದಿಲ್ಲ.

ಅಶೋಕ ಗಯೆಯ ಬಳಿಯ ಬರಾಬರ್ ಬೆಟ್ಟದಲ್ಲಿ ಆಜೀವಿಕರಿಗೆ ಗುಹೆಗಳನ್ನು ಕೊಟ್ಟ. ಆಮೇಲೆ ಯಾರೋ ಅಲ್ಲಿನ ಕೆಲವು ಶಾಸನಗಳಲ್ಲಿ ಅವರ ಹೆಸರನ್ನು ಕೆತ್ತಿ ಅಳಿಸಿದರು. ನಿಯತಿ ಎಂಬ ಮಾತು ಮಾತ್ರ ಬೇರೆ ಮನೆಗಳಲ್ಲಿ ಬಾಳಿತು. ಜೈನರು ಅದನ್ನು ಐದು ಕಾರಣಗಳಲ್ಲಿ ಒಂದಾಗಿಸಿದರು. ಕಾಶ್ಮೀರ ಶೈವರು 36 ತತ್ತ್ವಗಳ ನಡುವೆ ಜೀವವನ್ನು ಮುಸುಕುವ ಒಂದು ಕಂಚುಕವಾಗಿಸಿದರು.

ಆಜೀವಿಕರು ಕೊನೆಗೆ ಉಳಿದದ್ದು ದಕ್ಷಿಣದಲ್ಲಿ. ಅವರ ಇತಿಹಾಸವನ್ನು 1951ರಲ್ಲಿ ಪ್ರಕಟಿಸಿದ ಎ.ಎಲ್. ಬಾಷಮ್, ತಮಿಳು ನಾಡಿನ ಶಾಸನಗಳ ಜೊತೆಗೆ ನಮ್ಮ ಕೋಲಾರ ಸೀಮೆಯ ಶಾಸನಗಳನ್ನೂ ಸಾಕ್ಷಿಗೆ ತಂದರು. ಅವುಗಳಲ್ಲಿರುವುದು ದರ್ಶನವಲ್ಲ, ಆಜೀವಿಕರ ಹೆಸರಿನ ತೆರಿಗೆ.