ಇಳಿದ ಕಥೆ, ಬೆನ್ನಿನ ಕಥೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲಿಗೆ ಒಂದು ಕ್ಷಮೆ ಕೇಳಬೇಕು. ಸ್ವಾಗತ ಸಮಿತಿಯವರು ನನಗಾಗಿ ಮೆತ್ತನೆಯ ಸೋಫಾ ಹಾಕಿಸಿದ್ದರು. ನಾನು ಅದನ್ನು ಬಿಟ್ಟು ಎಂಟನೇ ತರಗತಿಯ ಕೋಣೆಯಿಂದ ಮರದ ಕುರ್ಚಿ ತರಿಸಿಕೊಂಡೆ. ಒಬ್ಬರು ಹತ್ತಿರ ಬಂದು, "ಏನಾದ್ರೂ ಬೇಜಾರಾಯ್ತಾ ಸಾರ್?" ಎಂದು ಮೆಲ್ಲಗೆ ಕೇಳಿದರು. ಬೇಜಾರಲ್ಲ, ಬೆನ್ನು. ಸೋಫಾದಲ್ಲಿ ಕೂತರೆ ಎದ್ದೇಳಲು ಇಬ್ಬರ ಸಹಾಯ ಬೇಕು.

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಆಕಾಶಕ್ಕೇರಿದ ನಮ್ಮೂರ ಹುಡುಗ' ಎಂದು ಅಚ್ಚು ಹಾಕಿಸಿದ್ದೀರಿ. ಸಂತೋಷ. ಈ ಶಾಲೆಯ ಎರಡನೆಯ ತಂಡದ ವಿದ್ಯಾರ್ಥಿ ನಾನು. ಆಗ ಕಟ್ಟಡ ಇರಲಿಲ್ಲ, ಗುಡಿಯ ಪಡಸಾಲೆಯಲ್ಲಿ ಪಾಠ. ಅಲ್ಲಿಂದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಆಮೇಲೆ ಹೈದರಾಬಾದಿನ ಬಳಿಯ ದುಂಡಿಗಲ್, ಹಕೀಂಪೇಟೆ. ವಾಯುಪಡೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆದೆ. ಆದರೆ ಇವತ್ತು ಏರಿದ ಕಥೆ ಹೇಳುವುದಿಲ್ಲ. ಇಳಿದ ಕಥೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ನಾವು ಮೂವರು ನಿವೃತ್ತ ಪೈಲಟ್‌ಗಳು ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬ ಯುದ್ಧವಿಮಾನ ಹಾರಿಸಿದವನು, ಇನ್ನೊಬ್ಬ ಪ್ರಯಾಣಿಕರ ವಿಮಾನದ ಕ್ಯಾಪ್ಟನ್ ಆಗಿದ್ದವನು, ಮೂರನೆಯವನು ನಾನು. ಸೇರುವ ಜಾಗ ಒಂದು ದರ್ಶಿನಿ. ದೊಡ್ಡ ಹೋಟೆಲ್ಲಿಗೆ ಯಾಕೆ ಹೋಗುವುದಿಲ್ಲ ಎಂದರೆ, ದರ್ಶಿನಿಯಲ್ಲಿ ನಿಂತುಕೊಂಡೇ ಇಡ್ಲಿ ತಿನ್ನಬಹುದು. ಮೂವರಿಗೂ ಹೆಚ್ಚು ಹೊತ್ತು ಕೂರಲು ಆಗುವುದಿಲ್ಲ.

ನಮ್ಮ ಮಾತು ಯಾವಾಗಲೂ ಎರಡೇ: ತುರ್ತಾಗಿ ಇಳಿದದ್ದು, ಬೆನ್ನುನೋವು. ಮೊದಲನೆಯದನ್ನು ಜೋರಾಗಿ ಹೇಳುತ್ತೇವೆ, ಎರಡನೆಯದನ್ನು ಪಕ್ಕದ ಟೇಬಲ್ಲಿಗೆ ಕೇಳಿಸದ ಹಾಗೆ. ಯುದ್ಧವಿಮಾನದ ಗೆಳೆಯ ಒಮ್ಮೆ ವಿಮಾನದಿಂದ ಎಜೆಕ್ಟ್ ಆಗಿದ್ದ. ಆ ಸೀಟು ಮನುಷ್ಯನನ್ನು ಮೇಲಕ್ಕೆ ಚಿಮ್ಮಿಸುವಾಗ ಅವನ ತೂಕದ ಹತ್ತು ಪಟ್ಟಿಗೂ ಮೀರಿದ ಒತ್ತಡ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ತಲೆ, ಬೆನ್ನು ನೇರವಾಗಿರದಿದ್ದರೆ ಮೂಳೆ ಕುಸಿಯಬಹುದು. ಅವನಿಗೆ ಕುಸಿಯಿತು. "ಜೀವ ಉಳೀತು, ಅರ್ಧ ಇಂಚು ಎತ್ತರ ಹೋಯ್ತು" ಎಂದು ನಗುತ್ತಾನೆ.

ಪ್ರಯಾಣಿಕರ ವಿಮಾನದ ಗೆಳೆಯ ಹೇಳುವ ಕಥೆಯೊಂದು ನಮ್ಮ ಶಾಲೆಗೆ ತಕ್ಕದ್ದು. 1983ರ ಜುಲೈ 23ರಂದು ಏರ್ ಕೆನಡಾದ ಒಂದು ಬೋಯಿಂಗ್ 767 ವಿಮಾನ 41,000 ಅಡಿ ಎತ್ತರದಲ್ಲಿ ಹೋಗುತ್ತಿದ್ದಾಗ ಇಂಧನ ಮುಗಿದು ಎರಡೂ ಎಂಜಿನ್ ನಿಂತವು. ಒಳಗೆ 69 ಜನ. ತಪ್ಪು ಎಲ್ಲಿ? ಲೆಕ್ಕದಲ್ಲಿ. ಕೆನಡಾ ಆಗಷ್ಟೇ ಪೌಂಡಿನಿಂದ ಕಿಲೋಗ್ರಾಂಗೆ ಬದಲಾಗುತ್ತಿತ್ತು. ಒಂದು ಲೀಟರ್ ಇಂಧನದ ತೂಕ ಸುಮಾರು 0.8 ಕಿಲೋ. ಆದರೆ ಲೆಕ್ಕಕ್ಕೆ ಹಿಡಿದದ್ದು ಪೌಂಡಿನ ಸಂಖ್ಯೆ, 1.77. ಹೀಗಾಗಿ ಬೇಕಾದದ್ದರಲ್ಲಿ ಅರ್ಧಕ್ಕೂ ಕಡಿಮೆ ಇಂಧನದೊಂದಿಗೆ ವಿಮಾನ ಹೊರಟಿತ್ತು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿದ್ದವರು. ಅಷ್ಟು ದೊಡ್ಡ ವಿಮಾನವನ್ನು ಹದ್ದಿನಂತೆ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ. ಉತ್ತರದ ಮುಂದೆ ಮಾನ ಬರೆಯದಿದ್ದರೆ ನಮ್ಮ ಗಣಿತದ ಮೇಷ್ಟ್ರು ಅರ್ಧ ಅಂಕ ಕಳೆಯುತ್ತಿದ್ದರು. ಆಗ ನಮಗೆ ಸಿಟ್ಟು ಬರುತ್ತಿತ್ತು. ಮೇಷ್ಟ್ರೇ, ಕಳೆದದ್ದು ಸರಿ.

ಇನ್ನು ನನ್ನ ಕಥೆ. ಹೆಲಿಕಾಪ್ಟರಿನ ಎಂಜಿನ್ ನಿಂತರೆ ಅದು ಕಲ್ಲಿನಂತೆ ಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಶಾಲೆಯ ಗೇಟಿನ ಹತ್ತಿರದ ಮಹಾಗನಿ ಮರವನ್ನು ನೋಡಿ. ಅದರ ರೆಕ್ಕೆ ಬೀಜ ಉದುರುವಾಗ ಗರಗರ ತಿರುಗುತ್ತಾ ನಿಧಾನವಾಗಿ ಬರುತ್ತದಲ್ಲ, ಹಾಗೆಯೇ. ಎಂಜಿನ್ ನಿಂತ ಒಂದೆರಡು ಸೆಕೆಂಡಿನೊಳಗೆ ಎಡಗೈಯಲ್ಲಿರುವ ಸನ್ನೆಕೋಲನ್ನು ಕೆಳಗೆ ಒತ್ತಬೇಕು. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರ ಬಂದಾಗ ಮೂತಿ ಎತ್ತಿ ವೇಗ ಇಳಿಸಿ, ಕೊನೆಯಲ್ಲಿ ಸನ್ನೆಕೋಲನ್ನು ಮೇಲೆಳೆದರೆ ರೆಕ್ಕೆಯಲ್ಲಿ ಉಳಿದಿರುವ ತಿರುಗುಬಲ ಒಂದೇ ಒಂದು ಸಲ ನಮ್ಮನ್ನು ಎತ್ತಿ ಹಿಡಿಯುತ್ತದೆ. ಎರಡನೆಯ ಅವಕಾಶ ಇಲ್ಲ.

ಹೆಲಿಕಾಪ್ಟರ್ ಪೈಲಟ್‌ಗಳಿಗೆ ಬೆನ್ನುನೋವು ಬರುವುದೂ ಇದೇ ಸನ್ನೆಕೋಲಿನಿಂದ. ಎಡಗೈ ಕೆಳಗೆ, ಬಲಗೈ ಮುಂದೆ, ಕಾಲೆರಡೂ ಪೆಡಲಿನ ಮೇಲೆ. ಸ್ವಲ್ಪ ಎಡಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿ ಗಂಟೆಗಟ್ಟಲೆ ಕೂತಿರಬೇಕು, ಅದರ ಮೇಲೆ ನಿಲ್ಲದ ನಡುಕ. ನನಗೆ ನೋವು ಶುರುವಾಗಿ ಎರಡು ವರ್ಷವಾಗಿತ್ತು. ಬರುಬರುತ್ತಾ ಎಡಗಾಲಿಗೂ ಇಳಿಯಿತು. ವೈದ್ಯಕೀಯ ತಪಾಸಣೆಯ ಫಾರಂನಲ್ಲಿ ಮಾತ್ರ ಪ್ರತಿ ಸಲವೂ 'ಯಾವ ತೊಂದರೆಯೂ ಇಲ್ಲ' ಎಂದೇ ಬರೆದೆ. ಬರೆದಿದ್ದರೆ ಹಾರಾಟ ನಿಲ್ಲಿಸುತ್ತಾರೆ ಎಂಬ ಭಯ.

ಹೀಗಿರುವಾಗ ಒಂದು ಮಧ್ಯಾಹ್ನ, ಪಂಜಾಬಿನಲ್ಲಿ ಗೋಧಿ ಕೊಯ್ಲಾದ ಹೊಲಗಳ ಮೇಲೆ, ಒಂದು ಸಾವಿರ ಅಡಿ ಎತ್ತರದಲ್ಲಿ ನನ್ನ ಒಂಟಿ ಎಂಜಿನ್ ನಿಂತಿತು. ಕೈ ತಾನಾಗಿ ಸನ್ನೆಕೋಲನ್ನು ಒತ್ತಿತು. ಇದ್ದದ್ದು ಅರ್ಧ ನಿಮಿಷ. ಮುಂದಿದ್ದ ಹೊಲವನ್ನೇ ಆರಿಸಿಕೊಂಡೆ. ಅದರಲ್ಲೊಂದು ಬದು ಇತ್ತು. ಚಕ್ರ ಬದುವಿಗೆ ಬಡಿದು ಹೆಲಿಕಾಪ್ಟರ್ ವಾಲಿತು, ಮಗುಚಲಿಲ್ಲ. ಪಕ್ಕದಲ್ಲಿದ್ದ ಸಹ ಪೈಲಟ್, ಇನ್ನೂ ಮೀಸೆ ಬಲಿಯದ ಹುಡುಗ, ಅವನ ಮಣಿಕಟ್ಟು ಮುರಿಯಿತು. ನಾವಿಬ್ಬರೂ ನಡೆದುಕೊಂಡೇ ಹೊರಗೆ ಬಂದೆವು. ಹೊಲದ ಯಜಮಾನರು ಓಡಿ ಬಂದು ಲಸ್ಸಿ ಕೊಟ್ಟರು.

ಎಲ್ಲರೂ ನನ್ನನ್ನು ಹೊಗಳಿದರು. ಆದರೆ ಹೊರಗೆ ನಿಂತು ಹಿಂದಕ್ಕೆ ನೋಡಿದಾಗ ನನಗೊಂದು ಕಂಡಿತ್ತು. ನಾವು ಬಂದ ದಾರಿಯ ಎಡ ಹಿಂಭಾಗದಲ್ಲಿ ಬದುವಿಲ್ಲದ ವಿಶಾಲ ಬಯಲು. ಅಲ್ಲಿಗೆ ತಿರುಗಿಸಿ ಇಳಿಸಬಹುದಿತ್ತು. ನಾನು ಆ ಕಡೆ ನೋಡಲೇ ಇಲ್ಲ. ನೋಡಬೇಕೆಂದರೆ ಸೊಂಟ ತಿರುಗಬೇಕು, ನನ್ನ ಸೊಂಟ ತಿರುಗುತ್ತಿರಲಿಲ್ಲ. ವೈದ್ಯರು ಕೇಳಿದಾಗ, ಈ ಏಟಿನಿಂದಲೇ ನೋವು ಬಂತು ಎಂದೆ. ಅದು ಸುಳ್ಳು.

ನನ್ನ ಪುಣ್ಯ, ಚಿಕಿತ್ಸೆ ಸಿಕ್ಕಿತು. ಬೆಂಗಳೂರಿನಲ್ಲಿ 1957ರಲ್ಲಿ ಶುರುವಾದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಿದೆ. ಪೈಲಟ್ ಮತ್ತೆ ಹಾರಬಲ್ಲನೇ ಎಂದು ಅಲ್ಲಿ ಪರೀಕ್ಷಿಸುತ್ತಾರೆ. ನನ್ನ ಬೆನ್ನಿನ ಎರಡು ಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ಕಾಲಿನ ನರವನ್ನು ಒತ್ತುತ್ತಿತ್ತು. ಆಪರೇಷನ್ ಬೇಕಾಗಲಿಲ್ಲ, ಇಂಥ ನೋವು ಬಹುಪಾಲು ಜನರಿಗೆ ಕೆಲವು ವಾರ, ತಿಂಗಳುಗಳಲ್ಲಿ ಆಪರೇಷನ್ ಇಲ್ಲದೆಯೇ ತಗ್ಗುತ್ತದೆ. ನನಗೆ ಆಶ್ಚರ್ಯವಾದದ್ದು, ಹಾಸಿಗೆ ಹಿಡಿದು ಮಲಗಬೇಡಿ ಎಂದದ್ದು. ಮೊದಲ ದಿನ ಐದು ನಿಮಿಷ ನಡಿಗೆ, ಗೋಡೆ ಹಿಡಿದು. ಎರಡನೆಯ ತಿಂಗಳಿಗೆ ಅರ್ಧ ಗಂಟೆ. ಹೊಟ್ಟೆ, ಬೆನ್ನಿನ ಸ್ನಾಯುಗಳಿಗೆ ದಿನವೂ ವ್ಯಾಯಾಮ. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ, ವಸ್ತುವನ್ನು ಮೈಗೆ ಒತ್ತಿಕೊಂಡು ಏಳುವುದನ್ನು ನಲವತ್ತರ ವಯಸ್ಸಿನಲ್ಲಿ ಮಗುವಿನಂತೆ ಕಲಿತೆ. ಮತ್ತೆ ಹಾರಿದೆ.

ಸುಳ್ಳು ಮಾತ್ರ ಒಳಗೇ ಉಳಿದಿತ್ತು. ಕಳೆದ ವರ್ಷ ಆ ಸಹ ಪೈಲಟ್ ಬೆಂಗಳೂರಿಗೆ ಬಂದ. ಅವನಿಗೂ ಈಗ ತಲೆ ನರೆತಿದೆ. ದರ್ಶಿನಿಗೆ ಕರೆದುಕೊಂಡು ಹೋಗಿ, ಕಾಫಿ ಲೋಟ ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನನಗೆ ಅವತ್ತೇ ಗೊತ್ತಿತ್ತು. ನೀವು ಹತ್ತುವಾಗ ಮೆಟ್ಟಿಲ ಮೇಲೆ ಎರಡು ಸಲ ನಿಂತಿರಿ. ಕೇಳೋಣ ಅಂದುಕೊಂಡೆ, ದೊಡ್ಡವರನ್ನು ಹೇಗೆ ಕೇಳೋದು ಅಂತ ಸುಮ್ಮನಾದೆ" ಎಂದ. ಅವನು ಮಣಿಕಟ್ಟನ್ನು ತೋರಿಸಲಿಲ್ಲ, ನಾನೇ ನೋಡಿದೆ.

ಅಪಾಯದಲ್ಲಿರುವ ಪೈಲಟ್ ರೇಡಿಯೋದಲ್ಲಿ ಮೂರು ಸಲ 'ಮೇಡೇ' ಎಂದು ಕೂಗುತ್ತಾನೆ. ಫ್ರೆಂಚ್ ಭಾಷೆಯಿಂದ ಬಂದ ಮಾತು, 'ನನಗೆ ನೆರವಾಗಿ' ಎಂದರ್ಥ. ಅವತ್ತು ಎಂಜಿನ್ನಿಗಾಗಿ ನಾನು ಅದನ್ನು ನಾಚಿಕೆಯಿಲ್ಲದೆ ಕೂಗಿದೆ. ನನ್ನ ಬೆನ್ನಿಗಾಗಿ ಎರಡು ವರ್ಷದಲ್ಲಿ ಒಮ್ಮೆಯೂ ಕೂಗಲಿಲ್ಲ.

ಇದನ್ನು ಎಲ್ಲಿ ಕಲಿತೆ ಎಂದು ಯೋಚಿಸಿದ್ದೇನೆ. ನಮ್ಮವ್ವ ಕೆರೆಯಿಂದ ನೀರು ಹೊತ್ತು, ಕಳೆ ಕಿತ್ತು, ರಾತ್ರಿ ಸೊಂಟ ಹಿಡಿದುಕೊಂಡು ಕೂರುತ್ತಿದ್ದಳು. "ಏನವ್ವಾ?" ಎಂದರೆ, "ಏನಿಲ್ಲ ಬಾ" ಎಂದು ಸೆರಗು ಬಿಗಿದು ಏಳುತ್ತಿದ್ದಳು. ಅದನ್ನೇ ಶೌರ್ಯ ಎಂದುಕೊಂಡು ನಾನೂ 'ಏನಿಲ್ಲ' ಎಂದು ಬರೆದೆ. ಅವ್ವ ಹಾಗೆ ಹೇಳದೆ ಇದ್ದಿದ್ದರೆ ಕೇಳುವವರು ಯಾರಿದ್ದರು ಎಂಬುದು ಬೇರೆ ಮಾತು. ಈಗ ಕೇಳುವವರು ನಾವಿದ್ದೇವೆ.

ಅದಕ್ಕೆ ಮೂರು ಬಿನ್ನಹ. ಊರಿನವರಲ್ಲಿ: ಬೆನ್ನುನೋವಿದ್ದರೆ ಮುಚ್ಚಿಡಬೇಡಿ. ಅದರ ಜೊತೆಗೆ ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಯ ಸಂದಿನಲ್ಲಿ ಜೋಮು ಹಿಡಿದರೆ, ಮೂತ್ರದ ಮೇಲೆ ಹತೋಟಿ ತಪ್ಪಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಶಿಕ್ಷಕರಲ್ಲಿ: ಮಗು ನೋವು ಎಂದಾಗ ಮೊದಲು ನಂಬಿ, ಸೋಗೇ ಅಲ್ಲವೇ ಎಂದು ಆಮೇಲೆ ನೋಡೋಣ. ಮಕ್ಕಳಲ್ಲಿ: ದೊಡ್ಡವರು ಮೆಟ್ಟಿಲ ಮೇಲೆ ಎರಡು ಸಲ ನಿಂತರೆ, ಯಾಕೆ ಎಂದು ಕೇಳಿ. ಅದು ಉದ್ಧಟತನವಲ್ಲ.

ನನ್ನ ಮಾತು ಮುಗಿಯಿತು. ಮುಂದೆ ಇನ್ನೂ ನಾಲ್ಕು ಭಾಷಣಗಳಿವೆ ಎಂದು ಕಾರ್ಯಕ್ರಮದ ಪಟ್ಟಿ ಹೇಳುತ್ತದೆ. ಕೂತು ಬೆನ್ನು ಹಿಡಿದಿದ್ದರೆ ಎದ್ದು ನಿಂತು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ನಾನಂತೂ ನಿಲ್ಲುತ್ತೇನೆ. ಈ ಮರದ ಕುರ್ಚಿಯನ್ನು ಎಂಟನೇ ತರಗತಿಗೆ ವಾಪಸ್ಸು ಕೊಡಬಹುದು.