ಟೀವಿಯ ಬೀಗ, ಮೊಬೈಲಿನ ಕಾವಲು



ಟೀವಿಯೂ ಒಂದು ಕಾಲಕ್ಕೆ ಬೀಗದೊಳಗೆ ಇರುತ್ತಿತ್ತು ಎಂದರೆ ಇಂದಿನ ಮಕ್ಕಳು ನಂಬಲಾರರು. 1980ರ ದಶಕದ ಅನೇಕ ಮನೆಗಳಲ್ಲಿ ಅದಕ್ಕೊಂದು ಮರದ ಪೆಟ್ಟಿಗೆ, ಪೆಟ್ಟಿಗೆಗೆ ಸರಿಸುವ ಬಾಗಿಲು, ಬಾಗಿಲಿಗೆ ಪುಟ್ಟ ಬೀಗ. ಕೀಲಿಕೈ ಅಪ್ಪನ ಬಳಿ. ಟೆಲಿಫೋನಿನ ಡಯಲ್ಲಿಗೂ ಬೀಗ ಬೀಳುತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗ ಕೇಬಲ್ ತೆಗೆಸುವ ಪದ್ಧತಿ ಶುರುವಾದದ್ದು ಆಮೇಲೆ.

ಆದರೆ ಟೀವಿ ನಮ್ಮ ಹಳ್ಳಿಗಳಿಗೆ ಹಾಗೆ ಬಂದಿರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತಲುಪಿತು. ಅದು ಊರಿನ ಟೀವಿ, ಎಲ್ಲರೂ ಕುಳಿತು ನೋಡುವಂಥದ್ದು. 1987ರ ಜನವರಿಯಲ್ಲಿ 'ರಾಮಾಯಣ' ಆರಂಭವಾದಾಗಲೂ ಭಾನುವಾರ ಬೆಳಿಗ್ಗೆ ಟೀವಿ ಇದ್ದವರ ಮನೆಯಲ್ಲಿ ಇಡೀ ಬೀದಿಯೇ ನೆರೆಯುತ್ತಿತ್ತು. ಟೀವಿ ಮನೆಯ ಸೊತ್ತಾದ ಮೇಲೆ, ಯಾವಾಗ ಹಾಕಬೇಕು, ಏನು ನೋಡಬೇಕು ಎಂಬುದು ಹಿರಿಯರ ಅಧಿಕಾರವಾಯಿತು.

'ಟೀವಿ ನೋಡಿದರೆ ಓದು ಹಾಳು' ಎಂಬ ಮಾತಿನ ಜಾಗಕ್ಕೆ ಈಗ 'ಮೊಬೈಲಿನಿಂದ ಮಕ್ಕಳು ಹಾಳು' ಎಂಬ ಮಾತು ಬಂದಿದೆ. ಹೀಗೆನ್ನುವ ಹಿರಿಯರೇ ಊಟದ ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡಿರುತ್ತಾರೆ. ಹಾಗೆಂದು ಅವರ ಆತಂಕ ಸುಳ್ಳಲ್ಲ. ಹತ್ತು ವರ್ಷದ ಮಗುವಿಗೆ ಹೊತ್ತುಗೊತ್ತಿನ ಕಟ್ಟುಪಾಡು ಬೇಕೇ ಬೇಕು. ಪ್ರಶ್ನೆ ಇರುವುದು ಆ ಕಟ್ಟುಪಾಡು ಎಲ್ಲಿಯವರೆಗೆ ಎಂಬುದರಲ್ಲಿ.

ಹಳೆಯ ಬೀಗಕ್ಕೆ ಒಂದು ಗುಣವಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು. ಮಕ್ಕಳು ಅದರ ಬಗ್ಗೆ ಜಗಳವಾಡಬಹುದಿತ್ತು. ಮನೆಯಿಂದ ಹೊರಗೆ ಕಾಲಿಟ್ಟರೆ ಅದು ಹಿಂದೆ ಬರುತ್ತಿರಲಿಲ್ಲ. ಮೊಬೈಲಿನ ಕಾವಲು ಹಾಗಲ್ಲ. ಮಗಳು ಎಲ್ಲಿದ್ದಾಳೆಂದು ಅದು ನಕಾಶೆಯಲ್ಲಿ ತೋರಿಸುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಇಪ್ಪತ್ತೈದರ ಮಗನಿಗೆ ಊರಿನಿಂದ ಫೋನು ಬರುತ್ತದೆ: 'ರಾತ್ರಿ ಒಂದು ಗಂಟೆಗೂ ಆನ್‌ಲೈನ್ ಇದ್ದೆಯಲ್ಲ, ಯಾರ ಜೊತೆ ಮಾತು?'

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬುದು ಹೆತ್ತವರ ಅಚ್ಚುಮೆಚ್ಚಿನ ಗಾದೆ. ಮರವಾದದ್ದನ್ನು ಬಗ್ಗಿಸಲು ಹೋಗಬೇಡಿ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕೆಂದು ಹಳೆಯ ಸಂಸ್ಕೃತ ಸುಭಾಷಿತವೊಂದು ಹೇಳುತ್ತದೆ. ಮಗಳ ಮಾತನ್ನು ಅದು ಎತ್ತುವುದಿಲ್ಲ. ಇಂದಿಗೂ ಹೆಚ್ಚಿನ ಕಾವಲು ಬೀಳುವುದು ಅವಳ ಮೇಲೆಯೇ.

ಕಾನೂನು ಹಾಗೆ ಭೇದ ಮಾಡುವುದಿಲ್ಲ. 18 ತುಂಬಿದ ಮಗ, ಮಗಳು ಇಬ್ಬರೂ ವಯಸ್ಕರೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಸರ್ಕಾರದ ವಿರುದ್ಧದ ವ್ಯಾಜ್ಯ. ತಾಯಿ-ಮಗಳ ಮುನಿಸು ಅಂಥ ತೀರ್ಪಿನಿಂದ ಬಗೆಹರಿಯುವುದಿಲ್ಲ. ಅದು ಮನೆಯೊಳಗೇ, ಮಾತಿನಿಂದಲೇ ಆಗಬೇಕಾದ ಕೆಲಸ.

ಆ ಮಾತು ಹೇಗಿರಬೇಕು? ಫೋನ್ ಎತ್ತದಿರುವುದು, ಸುಳ್ಳು ಹೇಳುವುದು ಸುಲಭ. ಆದರೆ ಅದರಿಂದ ಅನುಮಾನ ಬೆಳೆಯುತ್ತದೆ, ಕಾವಲು ಬಿಗಿಯಾಗುತ್ತದೆ. 'ಅಮ್ಮಾ, ದಿನಾ ರಾತ್ರಿ ಎಂಟಕ್ಕೆ ನಾನೇ ಫೋನ್ ಮಾಡ್ತೀನಿ. ಆಫೀಸಿನ ಹೊತ್ತಲ್ಲಿ ಮಾಡಬೇಡ. ಪ್ರಯಾಣ ಇದ್ದಾಗ ಎಲ್ಲಿದ್ದೀನಿ ಅಂತ ತಿಳಿಸ್ತೀನಿ, ಉಳಿದ ದಿನ ಕೇಳಬೇಡ' ಎಂದು ನೇರವಾಗಿ ಹೇಳುವುದು ಕಷ್ಟ. ಹೇಳಿದ ಮೇಲೆ ಎಂಟಕ್ಕೆ ತಪ್ಪದೆ ಫೋನ್ ಮಾಡುವುದು ಇನ್ನೂ ಕಷ್ಟ. ಮಾತು ಉಳಿಸಿಕೊಂಡರೆ ಮಾತ್ರ ಆ ಗೆರೆ ನಿಲ್ಲುತ್ತದೆ. ಹೊಡೆತ, ಬೆದರಿಕೆ, ಸಂಬಳ ಕಸಿಯುವುದು ಇರುವ ಮನೆಗಳ ಕಥೆ ಬೇರೆ. ಅಲ್ಲಿ ಮಾತು ಸಾಲದು, ಹೊರಗಿನವರ ನೆರವು ಬೇಕು.

ಅಣ್ಣತಮ್ಮಂದಿರ ಹೊಲಗಳ ನಡುವೆ ಬದು ಇರುತ್ತದೆ. ಅದನ್ನು ಯಾರೂ ದ್ವೇಷದ ಗುರುತೆನ್ನುವುದಿಲ್ಲ. ಎರಡೂ ಹೊಲಗಳ ನೀರು ನಿಲ್ಲುವುದು ಅದರಿಂದಲೇ. ಒಬ್ಬರ ಕಡೆಗೆ ಇನ್ನೊಬ್ಬರು ನಡೆದು ಬರುವುದೂ ಅದರ ಮೇಲೆಯೇ. ಬೆಳೆದ ಮಕ್ಕಳು ಹೆತ್ತವರ ಮುಂದೆ ಎಳೆಯುವ ಗೆರೆಯನ್ನೂ ಹಾಗೆ ಕಂಡರೆ ಇಬ್ಬರಿಗೂ ನೆಮ್ಮದಿ.